ಸೋರುವ ಸೂರಿಗೆ ಜಿಪ್ಸಮ್ ಮುಸುಕೇ?
ದಾವಣಗೆರೆಯಲ್ಲೋ ಹರಿಹರದಲ್ಲೋ ಇರುವ ನಿಮ್ಮ ಹಳೆಯ ಮನೆಯ ಚಾವಣಿಯಿಂದ ಸುಣ್ಣದ ಗಾರೆ ಉದುರುತ್ತಿದೆಯೇ? ಜಿಪ್ಸಮ್ ಹಲಗೆ ಹೊದಿಸಿದರೆ ಸಾಕೆಂಬ ಸಲಹೆ ಅರ್ಧಸತ್ಯ.

ಜಿಪ್ಸಮ್ ಎಂದರೆ ಜಲಯುಕ್ತ ಕ್ಯಾಲ್ಸಿಯಮ್ ಸಲ್ಫೇಟ್. ಅದರ ತೂಕದಲ್ಲಿ ಸುಮಾರು ಶೇ. 21 ಭಾಗ ಸ್ಫಟಿಕಜಲ. ಬೆಂಕಿ ತಗುಲಿದಾಗ ಈ ನೀರು ಆವಿಯಾಗುತ್ತಾ ಶಾಖವನ್ನು ಹೀರುತ್ತದೆ. ಇದು ಹಲಗೆಯ ಹೆಚ್ಚುಗಾರಿಕೆ. ಆದರೆ ಮೇಲಿನಿಂದ ಮಳೆನೀರು ಜಿನುಗಿದರೆ ಸಾಮಾನ್ಯ ಹಲಗೆ ಮೆತ್ತಗಾಗಿ ಜೋತುಬೀಳುತ್ತದೆ. ಕಾಗದದ ಹೊದಿಕೆಗೆ ಬೂಸ್ಟು ಹಿಡಿಯುತ್ತದೆ.

ಸುಣ್ಣದ ಗಾರೆಯಾದರೋ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿ, ಕ್ಯಾಲ್ಸಿಯಮ್ ಕಾರ್ಬೊನೇಟ್ ಆಗಿ ಗಟ್ಟಿಯಾದದ್ದು. ಅದರ ಸೂಕ್ಷ್ಮ ರಂಧ್ರಗಳ ಮೂಲಕ ತೇವ ಆರುತ್ತದೆ. ಸೋರಿದ ಕಲೆ ಕಣ್ಣಿಗೆ ಕಾಣುತ್ತದೆ. ಹಲಗೆ ಆ ಕಲೆಯನ್ನೂ ತೊಲೆಯ ಗೆದ್ದಲನ್ನೂ ಮರೆಮಾಡುತ್ತದೆ.

ಆದ್ದರಿಂದ ಮೊದಲು ಸೋರಿಕೆ ನಿಲ್ಲಿಸಿ, ಸಡಿಲ ಗಾರೆ ಕೆಡವಿ. ಒಂದು ಮಳೆಗಾಲ ಕಾದು ನೋಡಿ. ಬಳಿಕ ಚೌಕಟ್ಟನ್ನು ಗಾರೆಗಲ್ಲ, ಗಟ್ಟಿ ತೊಲೆಗೇ ಬಿಗಿಸಿ ಹಲಗೆ ಹೊದಿಸಿ.