ಐಡಿ ಖಾಲಿ ಬಿಟ್ಟರೆ ಏನಾಗುತ್ತೆ?

ಆರ್‌ಟಿಓ ಕಚೇರಿ ಹೊರಗೆ ಮರದ ಕೆಳಗೆ ಮೇಜು ಹಾಕಿಕೊಂಡು ಕೂತಿರುವ ಏಜೆಂಟನ ಹತ್ತಿರ ಜನ ಯಾಕೆ ಹೋಗ್ತಾರೆ? ಫಾರಂನಲ್ಲಿ ಯಾವ್ಯಾವ ಕಲಂ ಇದೆ ಅಂತ ಕೇಳೋಕಲ್ಲ; ಅದನ್ನು ಯಾರು ಬೇಕಾದರೂ ಓದಿಕೊಳ್ಳಬಹುದು. ಯಾವ ಕಲಂ ತಪ್ಪಿದರೆ ಅರ್ಜಿ ವಾಪಸ್ ಬರುತ್ತೆ ಅನ್ನೋದು ಅವನಿಗೆ ಗೊತ್ತು, ಅದಕ್ಕೇ ದುಡ್ಡು ಕೊಡ್ತಾರೆ.

ಈಗ ಎಐ ಏಜೆಂಟ್ ಬಂದಿದೆ. ‘ನಮ್ಮ ಗೂಗಲ್ ಫಾರಂನಲ್ಲಿ ಮೂರನೇ ಪ್ರಶ್ನೆ ಕಡ್ಡಾಯ ಮಾಡು’ ಅಂದರೆ ಸಾಕು, ಗೂಗಲ್ ಫಾರ್ಮ್ಸ್‌ನ ಎಪಿಐ ಮೂಲಕ ಅದೇ ಹೋಗಿ ತಿದ್ದಿ ಬರುತ್ತೆ. ನಾವು ತಿದ್ದುವಾಗ ಪರದೆ ಕಣ್ಣ ಮುಂದೆ ಇರುತ್ತೆ, ಏನಾದರೂ ಎಡವಟ್ಟಾದರೆ ಕಾಣುತ್ತೆ. ಎಪಿಐ ಮೂಲಕ ಹೋಗುವ ಏಜೆಂಟಿಗೆ ಪರದೆ ಇಲ್ಲ. ಅದಕ್ಕಿರುವುದು ಕೈಪಿಡಿ ಮಾತ್ರ. ಹಾಗಾಗಿ 2022ರಲ್ಲಿ ಎಲ್ಲರಿಗೂ ತೆರೆದುಕೊಂಡ ಈ ಎಪಿಐಯ ಕೈಪಿಡಿಯನ್ನು ಒಂದು ಪುಸ್ತಕ ಓದುವ ಹಾಗೆ ಕೂತು ಓದಿದೆ.

ಮೊದಲ ಮೆಚ್ಚುಗೆ ಹೇಳಿಬಿಡ್ತೀನಿ. ಹೊಸ ಫಾರಂ ಸೃಷ್ಟಿಸುವ ಕರೆಯಲ್ಲಿ ಶೀರ್ಷಿಕೆ ಮತ್ತು ಕಡತದ ಹೆಸರು ಮಾತ್ರ ಕೊಡಬಹುದು; ವಿವರಣೆ, ಪ್ರಶ್ನೆ, ಸೆಟ್ಟಿಂಗ್ ಯಾವುದೂ ಕೂಡದು ಅಂತ ಖಡಾಖಂಡಿತವಾಗಿ ಬರೆದಿದ್ದಾರೆ. ಒಳ್ಳೆಯದು. ಆದರೆ ಅದೇ ಪ್ಯಾರಾದ ಕೊನೆಗೆ, ಪ್ರಶ್ನೆ ಸೇರಿಸಲು ‘ಫಾರ್ಮ್ಸ್ ಡಾಟ್ ಅಪ್‌ಡೇಟ್’ ಅನ್ನು ಕರೆಯಿರಿ ಅನ್ನುತ್ತೆ, ನಾನು ಓದಿದ ಆವೃತ್ತಿ. ಆ ಹೆಸರಿನ ಕರೆಯೇ ಈ ಎಪಿಐಯಲ್ಲಿ ಇಲ್ಲ! ಇರುವುದು ‘ಬ್ಯಾಚ್‌ಅಪ್‌ಡೇಟ್’. ಮನುಷ್ಯ ಓದುಗ ಆ ಕೊಂಡಿ ಒತ್ತಿ, ‘ಓ, ಇದಾ’ ಅಂದುಕೊಂಡು ಮುಂದೆ ಹೋಗ್ತಾನೆ. ಏಜೆಂಟ್ ಕೈಪಿಡಿಯನ್ನು ನಂಬಿ ಇಲ್ಲದ ಬಾಗಿಲು ತಟ್ಟುತ್ತೆ.

ಇದು ಸಣ್ಣದು, ತಪ್ಪು ಸಂದೇಶ ಬರುತ್ತೆ, ತಿದ್ದಿಕೊಳ್ಳಬಹುದು. ನನಗೆ ನಿಜಕ್ಕೂ ಭಯವಾಗಿದ್ದು ತಪ್ಪು ಸಂದೇಶವೇ ಬರದ ಜಾಗದಲ್ಲಿ.

ಒಂದು ಶಾಲೆಯವರು ದಾಖಲಾತಿಗೆ ಫಾರಂ ಮಾಡಿದ್ದಾರೆ, 200 ಪೋಷಕರು ಆಗಲೇ ತುಂಬಿದ್ದಾರೆ ಅಂದುಕೊಳ್ಳಿ. ಒಂದು ಪ್ರಶ್ನೆಯ ಮಾತು ಸರಿಯಿಲ್ಲ, ತಿದ್ದು ಅಂತ ಏಜೆಂಟಿಗೆ ಹೇಳ್ತಾರೆ. ತಿದ್ದುವ ಕರೆಯ ಜೊತೆ ‘ಅಪ್‌ಡೇಟ್ ಮಾಸ್ಕ್’ ಅಂತ ಒಂದು ಕೊಡಬೇಕು. ಯಾವ್ಯಾವ ಅಂಶ ಬದಲಾಗಬೇಕು ಅನ್ನುವ ಪಟ್ಟಿ ಅದು. ಪಟ್ಟಿ ಬರೆಯೋ ರಗಳೆ ಬೇಡ ಅಂದರೆ ಒಂದು ನಕ್ಷತ್ರ ಚಿಹ್ನೆ ಹಾಕಿ, ‘ಎಲ್ಲವೂ’ ಅಂತ ಅರ್ಥ. ಕೈಪಿಡಿಯೇ ಈ ಅಡ್ಡದಾರಿ ತೋರಿಸುತ್ತೆ. ಏಜೆಂಟಿಗೂ ಸುಲಭದ ದಾರಿ ಇಷ್ಟ, ನಮ್ಮ ಹಾಗೇ.

ಇನ್ನೊಂದು ಕಡೆ, ‘ಗಮನಿಸಿ’ ಎಂಬ ಧಾಟಿಯಲ್ಲಿ ಒಂದು ಮಾತಿದೆ: ಐಡಿ ಖಾಲಿ ಇದ್ದು, ಅದು ಮಾಸ್ಕ್‌ನಲ್ಲಿ ಸೇರಿದ್ದರೆ, ಹೊಸ ಐಡಿ ಹುಟ್ಟುತ್ತೆ. ಮತ್ತೆಲ್ಲೋ, ಉತ್ತರಗಳ ವಿಭಾಗದಲ್ಲಿ, ಪ್ರತಿ ಉತ್ತರವೂ ಪ್ರಶ್ನೆಯ ಐಡಿಗೆ ಕಟ್ಟಿಕೊಂಡಿರುತ್ತೆ ಅಂತಿದೆ. ಎರಡನ್ನೂ ಜೋಡಿಸಿ ಓದಿ. ನಕ್ಷತ್ರ ಹಾಕಿ, ಐಡಿ ಬಿಟ್ಟು, ತಿದ್ದಿದ ಪ್ರಶ್ನೆಯನ್ನು ಕಳಿಸಿದರೆ ಆ ಪ್ರಶ್ನೆ ಹೊಸ ಐಡಿ ಹೊತ್ತು ಕೂರುತ್ತೆ; 200 ಜನರ ಉತ್ತರ ಹಳೇ ಐಡಿಗೇ ಅಂಟಿಕೊಂಡಿರುತ್ತೆ. ಕರೆ ಯಶಸ್ವಿ! ಏಜೆಂಟ್ ‘ತಿದ್ದಿದ್ದೇನೆ’ ಅಂತ ವಿನಯದಿಂದ ವರದಿ ಒಪ್ಪಿಸುತ್ತೆ.

ಕೈಪಿಡಿ ಸುಳ್ಳು ಹೇಳಿಲ್ಲ, ಯಾವ ವಾಕ್ಯವೂ ತಪ್ಪಲ್ಲ. ಐಡಿ ಬದಲಾದರೆ ಯಾರ ಮನೆ ಹಾಳಾಗುತ್ತೆ ಅನ್ನುವ ಒಂದು ವಾಕ್ಯ ಮಾತ್ರ ಇಲ್ಲ. ಮರದ ಕೆಳಗಿನ ಏಜೆಂಟ್ ಮೊದಲು ಹೇಳುತ್ತಿದ್ದದ್ದು ಅದನ್ನೇ.

ಆಯ್ಕೆಗಳ ಕಥೆಯೂ ಇದೇ. ಬಹು ಆಯ್ಕೆಯ ಪ್ರಶ್ನೆಗೆ ಬಂದ ಉತ್ತರ ಆ ಆಯ್ಕೆಯ ಪಠ್ಯವಾಗಿಯೇ ದಾಖಲಾಗುತ್ತೆ. ‘ಮೈಸುರು’ ಅಂತ ಇದ್ದದ್ದನ್ನು ಅರ್ಧ ದಾರಿಯಲ್ಲಿ ‘ಮೈಸೂರು’ ಮಾಡಿದರೆ ಲೆಕ್ಕದಲ್ಲಿ ಎರಡು ಊರು. ಕನ್ನಡದಲ್ಲಿ ಫಾರಂ ಮಾಡುವವರಿಗೆ ಇದು ದಿನನಿತ್ಯದ ಗೋಳು, ದೀರ್ಘ, ಒತ್ತು ತಿದ್ದುತ್ತಲೇ ಇರ್ತೀವಿ. ಕಾಗುಣಿತ ತಿದ್ದುವುದು ನಿರಪಾಯ ಕೆಲಸ ಅಂತ ಏಜೆಂಟ್ ಭಾವಿಸಿದರೆ ಅದನ್ನು ಬೈಯ್ಯೋದು ಹೇಗೆ?

‘ಮೂರನೇ ಪ್ರಶ್ನೆ’ ಅನ್ನೋದೂ ಸರಳವಲ್ಲ. ಎಣಿಕೆ ಸೊನ್ನೆಯಿಂದ ಶುರು; ನಡುವೆ ಬರುವ ಚಿತ್ರ, ವಿಭಾಗದ ತಲೆಬರಹ ಕೂಡ ಒಂದೊಂದು ಐಟಂ ಅಂತ ಲೆಕ್ಕ. ಇರಲಿ, ಮೊದಲು ಇಡೀ ಫಾರಂ ತರಿಸಿಕೊಂಡು ಎಣಿಸಿದರೆ ಇದು ಬಗೆಹರಿಯುತ್ತೆ.

ಇದಕ್ಕೆಲ್ಲ ಮದ್ದು ಅಂತ ಈಗ ಹೇಳ್ತಿರೋದು ಏನು? 2024ರ ಸೆಪ್ಟೆಂಬರಿನಲ್ಲಿ ಜೆರೆಮಿ ಹೊವಾರ್ಡ್ ‘ಎಲ್‌ಎಲ್‌ಎಂಎಸ್ ಡಾಟ್ ಟಿಎಕ್ಸ್‌ಟಿ’ ಎಂಬ ಪ್ರಸ್ತಾವ ಮುಂದಿಟ್ಟರು: ಜಾಲತಾಣದ ಸಾರವನ್ನು ಮಾಡೆಲ್‌ಗಳಿಗೆ ಓದಲು ಹದವಾದ ಸಾದಾ ಪಠ್ಯದಲ್ಲಿ ಕೊಡಿ ಅಂತ. ಒಳ್ಳೇ ಯೋಚನೆಯೇ. ಆದರೆ ಮೂಲದಲ್ಲಿ ಇಲ್ಲದ ವಾಕ್ಯ ಸಾದಾ ಪಠ್ಯದಲ್ಲೂ ಇರೋದಿಲ್ಲ. ಅದೇ ನವೆಂಬರಿನಲ್ಲಿ ಆಂತ್ರೋಪಿಕ್ ಕಂಪನಿ ಎಂಸಿಪಿ ತಂದಿತು. ಪ್ರತಿ ಉಪಕರಣಕ್ಕೂ ಒಂದು ಹೆಸರು, ಒಂದು ವಿವರಣೆ, ಕೊಡಬೇಕಾದ ಅಂಶಗಳ ನಮೂನೆ. ನಂತರದ ಆವೃತ್ತಿಯಲ್ಲಿ ‘ಇದು ಓದುವುದಷ್ಟೇ’, ‘ಇದು ಹಾನಿ ಮಾಡಬಹುದು’ ಎಂಬ ಸುಳಿವುಗಳನ್ನೂ ಸೇರಿಸಿದರು. ಹಾನಿ ಅಂದ ಕೂಡಲೇ ನಮಗೆ ಹೊಳೆಯೋದು ಅಳಿಸುವ ಕೆಲಸ. ಮೇಲಿನ ಉದಾಹರಣೆಯಲ್ಲಿ ಏನೂ ಅಳಿದಿಲ್ಲ, ಪ್ರಶ್ನೆಯೂ ಇದೆ, ಉತ್ತರವೂ ಇದೆ, ನಡುವಿನ ದಾರ ಕಿತ್ತಿದೆ ಅಷ್ಟೆ. ಅದನ್ನು ಹೌದು–ಅಲ್ಲ ಎಂಬ ಒಂದು ಗುರುತಿನಲ್ಲಿ ಹೇಳೋಕೆ ಬರೋದಿಲ್ಲ, ಮಾತಲ್ಲೇ ಬರೆಯಬೇಕು.

ಬರೆಯೋಕೆ ಬರುತ್ತೆ ಅನ್ನೋದಕ್ಕೆ ಈ ಕೈಪಿಡಿಯೇ ಸಾಕ್ಷಿ. ಆವೃತ್ತಿ ಸಂಖ್ಯೆಯ ಭಾಗ ನೋಡಿ: ನೀವು ಕೊಟ್ಟ ಸಂಖ್ಯೆಯೇ ಈಗಲೂ ಇರಬೇಕು ಎಂದು ಷರತ್ತು ಹಾಕಿದಾಗ, ಅಷ್ಟರಲ್ಲಿ ಬೇರೆಯವರು ಫಾರಂ ಬದಲಿಸಿದ್ದರೆ ನಿಮ್ಮ ಕರೆ ನಡೆಯುವುದಿಲ್ಲ, 400ರ ತಪ್ಪು ಬರುತ್ತೆ, ಒಮ್ಮೆ ಪಡೆದ ಸಂಖ್ಯೆಗೆ 24 ಗಂಟೆ ಮಾತ್ರ ಖಾತರಿ. ಏನು ಮಾಡಿದರೆ ಏನಾಗುತ್ತೆ, ಎಷ್ಟು ಹೊತ್ತು, ಎಲ್ಲ ಇದೆ. ಈ ಭಾಗ ಬರೆದ ಕೈ ತಿದ್ದುವ ಕರೆಯ ಪುಟಕ್ಕೂ ಬರಬೇಕಿತ್ತು.

ನನ್ನ ಕೈಗೆ ಕೊಟ್ಟರೆ ಆ ಪುಟದ ತುದಿಯಲ್ಲೇ, ನಮೂನೆಗೂ ಮುಂಚೆ, ಹೀಗೆ ಬರೀತೀನಿ: ‘ಫಾರಂಗೆ ಈಗಾಗಲೇ ಉತ್ತರ ಬಂದಿದೆಯೇ, ಮೊದಲು ನೋಡು. ಬಂದಿದ್ದರೆ ನಕ್ಷತ್ರ ಚಿಹ್ನೆ ಬಳಸಬೇಡ, ಬದಲಾಗಬೇಕಾದ ಅಂಶವನ್ನಷ್ಟೇ ಹೆಸರಿಸು. ಐಡಿ ಮುಟ್ಟಬೇಡ. ಆಯ್ಕೆಯ ಒಂದು ಅಕ್ಷರ ತಿದ್ದಬೇಕಾದರೂ ಫಾರಂ ಮಾಡಿದವರನ್ನು ಕೇಳು.’