ರೈಡರ್ ಒಬ್ಬನೇ ಗೆಲ್ಲಿಸಿದನೆ?

ಕಬಡ್ಡಿಯ ಒಳಗುಟ್ಟು ಬಲ್ಲವನು ಹಳ್ಳಿಯ ಅಭಿಮಾನಿಯೇ ಎಂಬ ಮಾತು 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ ಬಹಳ ಬಲಿತಿದೆ. ಕ್ರಿಕೆಟ್ ಪೇಟೆಯದು, ಕಬಡ್ಡಿ ಮಣ್ಣಿನದು. ಆದ್ದರಿಂದ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲೋ ಗುಬ್ಬಿಯಲ್ಲೋ ಟೀ ಅಂಗಡಿ ಮುಂದೆ ಕೂತು ಆಡುವ ಮಾತೇ ಅಸಲಿ ವಿಮರ್ಶೆ ಎಂದು ಕ್ರೀಡಾ ಅಂಕಣಕಾರರು ಮೆಚ್ಚಿ ಬರೆಯುತ್ತಾರೆ. ಈ ಮೆಚ್ಚುಗೆ ಅತಿಯಾಯಿತು. ಆ ಮಾತಿನಲ್ಲಿ ಪ್ರೀತಿ ಇದೆ, ಗಟ್ಟಿ ನೆನಪಿದೆ, ಊರಿನ ಅಭಿಮಾನವಿದೆ. ಆಟದ ಅರ್ಧಭಾಗ ಮಾತ್ರ ಇಲ್ಲ.

ಬಿಟ್ಟುಹೋಗಿರುವುದು ಹಿಡಿಯುವವರ ಆಟ.

ಈ ಭಾಗದ ಮಾತುಕತೆಯಲ್ಲಿ ಹೆಚ್ಚು ಸಲ ಮರುಕಳಿಸುವ ಪಂದ್ಯವನ್ನೇ ನೋಡೋಣ. 2019ರ ಜನವರಿ 5, ಮುಂಬೈ. ಗುಜರಾತ್ ವಿರುದ್ಧದ ಪ್ರೊ ಕಬಡ್ಡಿ ಫೈನಲ್‌ನಲ್ಲಿ ವಿರಾಮದ ಹೊತ್ತಿಗೆ ಬೆಂಗಳೂರು ಬುಲ್ಸ್ 9–16ರಿಂದ ಹಿಂದಿತ್ತು. ಕೊನೆಗೆ 38–33ರಿಂದ ಗೆದ್ದು ಮೊದಲ ಬಾರಿ ಕಪ್ ಎತ್ತಿತು. ಪವನ್ ಸೆಹ್ರಾವತ್ ರೈಡಿಂಗ್‌ನಲ್ಲಿ ತಂದದ್ದು 22 ಅಂಕ. "ಪವನ್ ಒಬ್ನೇ ಗೆಲ್ಲಿಸ್ಬಿಟ್ಟ ಕಣೋ" ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ಆದರೆ 38ರಲ್ಲಿ 22 ಕಳೆದರೆ 16 ಉಳಿಯುತ್ತವೆ. ಗೆಲುವಿನ ಅಂತರ ಐದೇ ಅಂಕ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಔಟಾದ ರೈಡರ್ ತಾನಾಗಿ ಅಂಕಣಕ್ಕೆ ಮರಳುವಂತಿಲ್ಲ. ತನ್ನ ಕಡೆಯವರು ಎದುರಾಳಿಯೊಬ್ಬನನ್ನು ಔಟ್ ಮಾಡಿದರೆ ಅವನಿಗೆ ಜೀವ. ಬೋನಸ್ ಅಂಕ ಬಂದರೂ ಯಾರೂ ಒಳಗೆ ಬರುವುದಿಲ್ಲ. ರೈಡರ್ ಹೊರಗೆ ಕೂತಿರುವಾಗ ಒಬ್ಬ ಕಾರ್ನರ್ ಆಟಗಾರ ಎದುರಾಳಿಯ ಕಾಲು ಹಿಡಿದು ಕೆಡವಿದರೆ ಆ ರೈಡರ್‌ನ ಮುಂದಿನ ಅಂಕಗಳಿಗೆ ಬಾಗಿಲು ತೆಗೆದಂತೆ. ಪವನ್ ಹೆಸರಿನ ಜೊತೆಗೇ ಬರಬೇಕಾದ ಮಹೇಂದರ್ ಸಿಂಗ್, ಆ ತಂಡದ ಕವರ್ ಆಟಗಾರ, ಈ ಚರ್ಚೆಗಳಲ್ಲಿ ಸುಳಿಯುವುದೇ ಅಪರೂಪ.

ಅದರ ಮುಂದಿನ ಟೂರ್ನಿ ಇದಕ್ಕೆ ಇನ್ನೂ ಗಟ್ಟಿ ಸಾಕ್ಷಿ. 2019ರ ಅಕ್ಟೋಬರ್ 2ರಂದು ಹರಿಯಾಣ ಸ್ಟೀಲರ್ಸ್ ಮೇಲೆ ಪವನ್ ಒಂದೇ ಪಂದ್ಯದಲ್ಲಿ 39 ಅಂಕ ತಂದರು. ಟೂರ್ನಿಯಲ್ಲಿ ಒಟ್ಟು 346 ರೈಡ್ ಅಂಕ, ಎಲ್ಲರಿಗಿಂತ ಹೆಚ್ಚು. ಬುಲ್ಸ್ ಸೆಮಿಫೈನಲ್‌ನಲ್ಲಿ ದಬಾಂಗ್ ಡೆಲ್ಲಿಗೆ 38–44ರಿಂದ ಸೋತಿತು. ಕಪ್ ಗೆದ್ದದ್ದು ಬೆಂಗಾಲ್ ವಾರಿಯರ್ಸ್. ಅವರ ಮುಖ್ಯ ರೈಡರ್ ಮಣಿಂದರ್ ಸಿಂಗ್ ಗಾಯದಿಂದಾಗಿ ಫೈನಲ್ ಆಡಿರಲೇ ಇಲ್ಲ. ಆ ತಂಡಕ್ಕೆ ಕೋಚ್ ಆಗಿದ್ದವರು ಕರ್ನಾಟಕದವರೇ ಆದ, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್. ಮುಖ್ಯ ರೈಡರ್ ಇಲ್ಲದೆ ಕಪ್ ಹೇಗೆ ಬಂತು ಎಂಬ ಪ್ರಶ್ನೆಗೆ ನಮ್ಮ ಚರ್ಚೆಗಳಲ್ಲಿ ಉತ್ತರವಿಲ್ಲ. ಪ್ರಶ್ನೆಯೇ ಏಳುವುದಿಲ್ಲ.

ಅಂಕ ತಾರದೆ ಮರಳಿದ ರೈಡರ್‌ನನ್ನು ನಮ್ಮ ಜನ ಕಾಣುವ ರೀತಿಯಲ್ಲಿ ಈ ಕುರುಡು ಇನ್ನೂ ಸ್ಪಷ್ಟ. "ಥೂ, ಸುಮ್ನೆ ಹೋಗ್ಬಂದ" ಎಂದು ಮುಖ ತಿರುಗಿಸುತ್ತಾರೆ. ಪಂದ್ಯ 40 ನಿಮಿಷ, ಒಂದು ರೈಡ್‌ಗೆ 30 ಸೆಕೆಂಡ್. ಪ್ರತಿ ರೈಡೂ ಪೂರ್ತಿ ಹೊತ್ತು ತೆಗೆದುಕೊಂಡರೂ ಎಂಬತ್ತು ರೈಡ್ ನಡೆಯುತ್ತವೆ. ಅವುಗಳಲ್ಲಿ ಬಹಳಷ್ಟು ಖಾಲಿ. ಆ 30 ಸೆಕೆಂಡ್‌ನಲ್ಲಿ ಆಗುವುದೇನು? ರೈಡರ್ ನಡುಗೆರೆಯಿಂದ 3.75 ಮೀಟರ್ ದೂರದ ಬಾಕ್ ಲೈನ್ ದಾಟಲೇಬೇಕು. ಇನ್ನೊಂದು ಮೀಟರ್ ಆಚೆ ಬೋನಸ್ ಗೆರೆ. ಅವನು ಒಂದು ಬದಿಗೆ ವಾಲಿದರೆ ಆ ಬದಿಯ ಕಾರ್ನರ್ ಹಿಂದೆ ಸರಿಯಬೇಕು, ಒಳಗಿನವನು ಕೈ ಬಿಡದೆ ಜೊತೆಗೆ ಸರಿಯಬೇಕು, ಆಚೆ ಬದಿಯ ಕವರ್ ಅರ್ಧ ಹೆಜ್ಜೆ ಮುಂದೆ ಬಂದು ಅವನ ವಾಪಸ್ ದಾರಿ ಕಿರಿದು ಮಾಡಬೇಕು. ಒಬ್ಬ ಆತುರಪಟ್ಟು ಮುನ್ನುಗ್ಗಿದರೆ ಸಾಲು ಒಡೆಯಿತು. ಏಳೂ ಜನ ತಾಳ್ಮೆಗೆಡದಿದ್ದರೆ ರೈಡರ್ ಬರಿಗೈಲಿ ಹೋಗುತ್ತಾನೆ. ಅವನ ತಂಡಕ್ಕೆ ಹಾಗೆ ಸತತ ಎರಡು ಸಲ ಆಯಿತೆಂದರೆ ಮೂರನೆಯದು ಡು ಆರ್ ಡೈ: ಅಂಕ ತಾರದಿದ್ದರೆ ಹೋದವನೇ ಔಟ್. ಈಗ ಒತ್ತಡವೆಲ್ಲ ರೈಡರ್ ಮೇಲೆ, ಅವನು ಹೊತ್ತಿಗೆ ಮುಂಚೆ ಕೈ ಚಾಚುತ್ತಾನೆ, ಆಂಕಲ್ ಹೋಲ್ಡ್ ಬೀಳುತ್ತದೆ. ನೋಡುವವರು ಆ ಹಿಡಿತಕ್ಕೆ ಶಿಳ್ಳೆ ಹಾಕುತ್ತಾರೆ. ಅದನ್ನು ಕಟ್ಟಿದ್ದು ಹಿಂದಿನ ಎರಡು ಖಾಲಿ ರೈಡ್ ಎಂಬುದನ್ನು ಮರೆಯುತ್ತಾರೆ. ಅಂಕಣದಲ್ಲಿ ಮೂವರೋ ಇಬ್ಬರೋ ಉಳಿದಾಗ ಹಿಡಿದರೆ ಸೂಪರ್ ಟ್ಯಾಕಲ್, ಒಂದು ಅಂಕ ಹೆಚ್ಚು. ಸಂಖ್ಯೆ ಕಡಿಮೆಯಾದ ತಂಡ ಆ ಆಸೆಗಾಗಿಯೇ ಕಾಯುವ ಆಟ ಆಡುತ್ತದೆ. ಇದನ್ನು ಗಮನಿಸದೆ ಕಬಡ್ಡಿ ಬಲ್ಲೆವೆನ್ನುವುದು ಹೇಗೆ?

ಕಾಲೇಜು ತಂಡಗಳ ಮಾತು ಬಂದಾಗಲೂ ಇದೇ ಕೊರತೆ. ಕೊತ್ತಗೆರೆ ಹೋಬಳಿ ಕೇಂದ್ರ; ಶಾಲಾ ಕ್ರೀಡಾಕೂಟದ ಮೊದಲ ಮೆಟ್ಟಿಲೇ ಹೋಬಳಿ ಮಟ್ಟ. ಅಲ್ಲಿಂದ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಪದವಿಗೆ ಸೇರಿದರೆ 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾನಿಲಯದ ಅಂತರ ಕಾಲೇಜು ಪಂದ್ಯ, ಆಮೇಲೆ ದಕ್ಷಿಣ ವಲಯ. ಕರಾವಳಿಯ ಕಾಲೇಜುಗಳ ಮುಂದೆ ನಮ್ಮವರು ಯಾಕೆ ಸೋಲುತ್ತಾರೆಂದರೆ "ಅವ್ರ ಮೈಕಟ್ಟೇ ಬೇರೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಮೈಕಟ್ಟಿನ ಕಥೆ ಬೇಡ. ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆ ಆಟಗಾರರನ್ನು ದತ್ತು ಪಡೆದು ಊಟ, ವಸತಿ, ಓದು ಎಲ್ಲವನ್ನೂ ಕೊಡುತ್ತದೆ. ಅದೇ ಏಳು ಜನ ವರ್ಷವಿಡೀ ಒಟ್ಟಿಗೆ ಇರಬಹುದು. ರೈಡಿಂಗ್ ಒಬ್ಬನೇ ಕಲಿಯಬಹುದಾದ ವಿದ್ಯೆ. ಕೈ ಕೈ ಹಿಡಿದು ಚೈನ್ ಕಟ್ಟುವುದು ಹಾಗಲ್ಲ, ಪಕ್ಕದವನ ಹೆಜ್ಜೆ ಮೈಗೆ ಹತ್ತಿರಬೇಕು. ಅದಕ್ಕೆ ಜೊತೆಗಿರುವ ದಿನಗಳು ಬೇಕು, ಮ್ಯಾಟ್ ಬೇಕು. ಮಣ್ಣಿನಲ್ಲಿ ಬರಿಗಾಲಲ್ಲಿ ಕಲಿತ ಹುಡುಗ ಶೂ ತೊಟ್ಟು ಮ್ಯಾಟಿಗಿಳಿದರೆ ಮೊದಲು ತಡವರಿಸುವುದು ಕಾಲಿನ ಹಿಡಿತವೇ.

ಇಲ್ಲಿ ಅಂಕಣಕಾರರ ತಪ್ಪು ಅಭಿಮಾನಿಗಳದ್ದಕ್ಕಿಂತ ದೊಡ್ಡದು. ಹಳ್ಳಿಯವನಿಗೆ ಆಟ ರಕ್ತದಲ್ಲೇ ಇದೆ ಎಂದು ಬರೆಯುವವರು ಅವನಿಗೆ ಕಲಿಸಬೇಕಾದ್ದು ಏನೂ ಇಲ್ಲವೆಂದು ಕೈತೊಳೆದುಕೊಂಡರು. ಅವರ ವರದಿಗಳಲ್ಲೂ ತಲೆಬರಹ ರೈಡರ್‌ನದೇ, ಚಿತ್ರವೂ ಅವನದೇ. ಟ್ಯಾಕಲ್ ಅಂಕ ಕೊನೆಯ ಸಾಲಿಗೆ. ಇನ್ನೊಂದು ಗುಂಪು ಈ ಚರ್ಚೆಗಳನ್ನೆಲ್ಲ ಬರೀ ಊರಿನ ಜಗಳ ಎಂದು ತಳ್ಳಿಹಾಕುತ್ತದೆ. ಅದೂ ಅನ್ಯಾಯ. ಹಳೆಯ ಪಂದ್ಯಾವಳಿಗಳ ತಂಡ, ಆಟಗಾರ, ತಕರಾರುಗಳನ್ನು ಬಿಡದೆ ನೆನಪಿಟ್ಟಿರುವವರು ಈ ಅಭಿಮಾನಿಗಳೇ. ಇಷ್ಟು ನೆನಪಿಡಬಲ್ಲವರು ಕಾರ್ನರ್ ಹುಡುಗನ ಹೆಸರನ್ನೂ ನೆನಪಿಡಬಲ್ಲರು. ಹಾಗಾಗದಿರುವುದರ ಪರಿಣಾಮ ಹೋಬಳಿ ಮೈದಾನದಲ್ಲೇ ಕಾಣುತ್ತದೆ: ಚುರುಕಾದ ಹುಡುಗರೆಲ್ಲ ರೈಡಿಂಗ್‌ಗೆ ಮುಗಿಬೀಳುತ್ತಾರೆ, ಉಳಿದವರನ್ನು ಹಿಡಿಯಲು ನಿಲ್ಲಿಸುತ್ತಾರೆ.

ದೇಶದ ತಂಡದ ಮಾತಿನಲ್ಲೂ ಇದೇ ಕುರುಡು. 2018ರ ಏಷ್ಯನ್ ಕ್ರೀಡಾಕೂಟ, ಜಕಾರ್ತಾ. 1990ರಿಂದ ಚಿನ್ನ ಬಿಟ್ಟುಕೊಡದ ಭಾರತದ ಪುರುಷರು ಸೆಮಿಫೈನಲ್‌ನಲ್ಲಿ ಇರಾನ್‌ಗೆ 18–27ರಿಂದ ಸೋತರು. ಅಜಯ್ ಠಾಕೂರ್, ಪರ್ದೀಪ್ ನರ್ವಾಲ್‌ರಂಥ ರೈಡರ್‌ಗಳಿದ್ದ ತಂಡಕ್ಕೆ ಸಿಕ್ಕಿದ್ದು ಬರೀ ಹದಿನೆಂಟು ಅಂಕ. ಠಾಕೂರ್‌ಗೆ ಆದ ಗಾಯದ ಮಾತು, ತಂಡದ ಆಯ್ಕೆಯ ಮಾತು ಇವತ್ತಿಗೂ ನಡೆಯುತ್ತದೆ. ಎದುರು ಎಡ ಕಾರ್ನರ್‌ನಲ್ಲಿ ಫಝಲ್ ಅತ್ರಾಚಲಿ ನಿಂತಿದ್ದರು. ಆ ಸೋಲನ್ನು ಅಲ್ಲಿಂದ ನೋಡಲು ಶುರುಮಾಡಬೇಕಿತ್ತು.