ಮನೆ ಜೇನಿಗೂ ಲೇಬಲ್ ಬೇಕು

ಸ್ವಂತ ಪೆಟ್ಟಿಗೆಯ ಜೇನುತುಪ್ಪವನ್ನು ಬಾಟಲಿಗೆ ತುಂಬಿ ಮಾರಾಟಕ್ಕಿಡುವವರೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯತ್ತ ಕಣ್ಣಿಡಬೇಕು. ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗಿನ ವಹಿವಾಟಿಗೆ 2011ರ ನಿಯಮಾವಳಿ ಪರವಾನಗಿಯ ಬದಲು ಸರಳ ನೋಂದಣಿಯ ದಾರಿ ತೆರೆಯಿತು. ಹೀಗೆ ಸಿಗುವ 14 ಅಂಕಿಯ ಸಂಖ್ಯೆ ಲೇಬಲ್ ಮೇಲೆ ಇರಬೇಕು.

ಕಾಗದಪತ್ರಕ್ಕಿಂತ ಕಷ್ಟದ್ದು ನೀರಿನಂಶದ ಮಿತಿ. ಅದು ಶೇ 20 ಮೀರುವಂತಿಲ್ಲ. ಮಲೆನಾಡಿನ ತುಡುವೆ ಜೇನಿಗೆ ಇದು ಬಿಗಿಯಾದ ಅಳತೆ. ಗಾಳಿಯಲ್ಲೇ ತೇವ ತುಂಬಿರುವಾಗ ಹುಳುಗಳು ಎಷ್ಟು ರೆಕ್ಕೆ ಬೀಸಿದರೂ ತುಪ್ಪ ಬೇಗ ಮಂದವಾಗದು. ಎರಿಯ ಕೋಶಗಳಿಗೆ ಮೇಣದ ಮುಚ್ಚಳ ಬೀಳುವವರೆಗೆ ಕಾಯದೆ ಯಂತ್ರಕ್ಕಿಟ್ಟರೆ, ತುಪ್ಪ ಕೆಲವೇ ವಾರಗಳಲ್ಲಿ ನೊರೆಯೆದ್ದು ಹುಳಿಯಾಗಬಹುದು. ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಒಂದೆರಡು ಹನಿ ಸವರಿ ಬೆಳಕಿಗೆ ಹಿಡಿದರೆ ನೀರಿನಂಶ ಕಣ್ಣಿಗೇ ಕಾಣುತ್ತದೆ. ಮಾರಾಟಕ್ಕೆ ಇಳಿಯುವವರು ಮೊದಲು ಕೊಳ್ಳಬೇಕಾದ ಸಾಧನವಿದು. ನೀರು ಇಂಗಲೆಂದು ಒಲೆಯ ಮೇಲೆ ಕಾಯಿಸುವುದು ತುಪ್ಪಕ್ಕೆ ಮಾಡುವ ದ್ರೋಹ. ಪರಿಮಳ ಹೋಗುವುದಲ್ಲದೆ ಎಚ್‌ಎಂಎಫ್ ಎಂಬ ಸಂಯುಕ್ತದ ಪ್ರಮಾಣವೂ ಏರುತ್ತದೆ. ಅದಕ್ಕೆ ಕಿಲೋಗೆ 80 ಮಿಲಿಗ್ರಾಂ ಮಿತಿಯಿದೆ.

ಬಾಟಲಿ ಲೆಕ್ಕದಲ್ಲಿ ಮಾರುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಪೊಟ್ಟಣ ಸರಕಿನ ನಿಯಮಗಳಂತೆ ಜೇನಿನ ಪ್ರಮಾಣ ಹೇಳಬೇಕಾದ್ದು ತೂಕದಲ್ಲಿ. ಒಂದು ಲೀಟರ್ ತುಪ್ಪ ಸುಮಾರು 1.4 ಕಿಲೋ ತೂಗುವುದರಿಂದ 750 ಮಿಲಿಲೀಟರಿನ ಬಾಟಲಿಯಲ್ಲಿ ಒಂದು ಕಿಲೋಗೂ ಮಿಕ್ಕಿ ಇರುತ್ತದೆ. ಅದನ್ನು ಮುಕ್ಕಾಲು ಕಿಲೋದ ಬೆಲೆಗೆ ಕೊಟ್ಟರೆ ನಷ್ಟ ಸಾಕಿದವರಿಗೇ. ನಿವ್ವಳ ತೂಕದ ಜೊತೆಗೆ ಎಂಆರ್‌ಪಿ, ತುಂಬಿದವರ ಹೆಸರು ಮತ್ತು ವಿಳಾಸ, ತುಂಬಿದ ದಿನಾಂಕ, ಬಳಕೆಯ ಅವಧಿ, ಬ್ಯಾಚ್ ಸಂಖ್ಯೆ, ದೂರಿಗೆ ಫೋನ್ ನಂಬರ್ ಇರಬೇಕು. ಕೀಟದಿಂದ ಬಂದದ್ದಾದರೂ ಜೇನಿಗೆ ಹಸಿರು ಚುಕ್ಕಿಯೇ, ಏಕೆಂದರೆ ಮಾಂಸಾಹಾರದ ವ್ಯಾಖ್ಯೆಯಿಂದ ನಿಯಮವೇ ಅದನ್ನು ಹೊರಗಿಟ್ಟಿದೆ.

ಪೆಟ್ಟಿಗೆ ಕಾಫಿ ತೋಟದಲ್ಲಿತ್ತು ಎಂಬಷ್ಟಕ್ಕೇ 'ಕಾಫಿ ಹೂವಿನ ಜೇನು' ಎನ್ನಲಾಗದು. ಒಂದೇ ಹೂವಿನ ಹೆಸರು ಹಾಕಬೇಕಾದರೆ ಪರಾಗದಲ್ಲಿ ಕನಿಷ್ಠ ಶೇ 45 ಆ ಗಿಡದ್ದಿರಬೇಕು. ಕೆಮ್ಮು, ಸಕ್ಕರೆ ಕಾಯಿಲೆ ವಾಸಿಯಾಗುತ್ತದೆಂದು ಬರೆಯುವುದಕ್ಕೆ ಅವಕಾಶವೇ ಇಲ್ಲ. ತುಪ್ಪ ಹರಳುಗಟ್ಟುವುದು ಸಹಜ ಎಂಬ ಒಂದು ಸಾಲು ಸೇರಿಸಿದರೆ ಅನುಮಾನದಿಂದ ವಾಪಸ್ ಬರುವ ಬಾಟಲಿಗಳು ಕಡಿಮೆಯಾಗುತ್ತವೆ. ಒಂದು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂಬ ಎಚ್ಚರಿಕೆಯನ್ನಂತೂ ದೊಡ್ಡ ಅಕ್ಷರದಲ್ಲೇ ಹಾಕುವುದು ಒಳ್ಳೆಯದು: ಜೇನಿನಲ್ಲಿರಬಹುದಾದ ಬಾಟ್ಯುಲಿಸಂ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಗೂಸಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು, ಮತ್ತು ಹಸುಗೂಸಿಗೆ ಜೇನು ನೆಕ್ಕಿಸುವ ಪದ್ಧತಿ ಎಷ್ಟೋ ಮನೆಗಳಲ್ಲಿ ಇನ್ನೂ ನಿಂತಿಲ್ಲ.